ಅಪ್ಪನ ನೆನಪಿಗೆ ವಾಲಿಬಾಲ್ ಪಂದ್ಯ ಇಡುವ ಮುಂಚೆ

ಶಿರಸಿ ಕಡೆ ವಾಲಿಬಾಲ್ ಹುಚ್ಚಿದ್ದವರು ತೀರಿಕೊಂಡರೆ ಅವರ ಸ್ಮರಣಾರ್ಥ ಒಂದು ಪಂದ್ಯಾವಳಿ ಇಡುವುದು ಮಾಮೂಲಿ. ನಾವೂ ಇಟ್ಟೆವು. ಹಾರ, ಶಾಲು, ಭಾಷಣ ಸೇರಿ ಒಂದೂವರೆ ಗಂಟೆ ಹೋಯಿತು. ಅಪ್ಪನ ಬಗ್ಗೆ ಬಂದದ್ದು ಎರಡೇ ಶಬ್ದ, 'ಸರಳ ಸಜ್ಜನ'. ರೆಫ್ರಿ ತಪ್ಪು ಕೊಟ್ಟರೆ ಚಪ್ಪಲಿ ಬಿಟ್ಟು ಕೋರ್ಟಿನೊಳಗೆ ನುಗ್ಗುತ್ತಿದ್ದ ಮನುಷ್ಯ, ಎಂಥ ಸರಳ!

ಹಾಗಾಗಿ ಮೊದಲು ಕಥೆ ಕೂಡಿಸಿ, ಟ್ರೋಫಿ ಆಮೇಲೆ. ಅವರ ಜೊತೆ ಆಡಿದವರ ಮನೆಗೇ ಹೋಗಿ. ಫೋನಲ್ಲಿ 'ಒಳ್ಳೆ ಮನುಷ್ಯ ಮಾರಾಯ' ಬಿಟ್ಟು ಏನೂ ಬರುವುದಿಲ್ಲ. ಹಳೆ ಟೀಮ್ ಫೋಟೋ ಒಯ್ದು, ಕಷಾಯ ಬರುವ ಹೊತ್ತಿಗೆ ಕೈಗೆ ಕೊಡಿ. 'ಅಪ್ಪ ಹೇಗಿದ್ದರು' ಅಂತ ಕೇಳಬೇಡಿ. ಈ ಮ್ಯಾಚು ಎಲ್ಲಾಗಿದ್ದು, ಲಿಫ್ಟರ್ (ಹೊಡೆಯುವವನಿಗೆ ಬಾಲ್ ಎತ್ತಿ ಕೊಡುವವ) ಯಾರು, ಯಾಕೆ ಸೋತಿರಿ ಅಂತ ಕೇಳಿ. ಸೋತ ಮ್ಯಾಚು ಎಲ್ಲರಿಗೂ ಬಾಯಿಪಾಠ. ಒಪ್ಪಿದರೆ ಮೊಬೈಲಲ್ಲಿ ರೆಕಾರ್ಡ್ ಮಾಡಿ. ನಿಂತವರ ಹೆಸರನ್ನು ಫೋಟೋ ಹಿಂದೆ ಪೆನ್ಸಿಲಲ್ಲಿ ಬರೆಸಿ, ಪೆನ್ನಾದರೆ ಮುಂದಕ್ಕೆ ಮೂಡುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಫೋಟೋ ಗಾಜಿಗೆ ಅಂಟಿರಬಹುದು, ಎಳೆಯಬೇಡಿ, ಗಾಜಿನ ಮೇಲಿಂದಲೇ ಫೋಟೋ ತೆಗೆಯಿರಿ.

1983ರಲ್ಲಿ ಕಪಿಲ್ ದೇವ್ ಜಿಂಬಾಬ್ವೆ ವಿರುದ್ಧ 175 ಹೊಡೆದದ್ದನ್ನು ಅಪ್ಪ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರಂತೆ. ಆ ಮ್ಯಾಚು ಟಿವಿಯಲ್ಲಿ ಬಂದೇ ಇರಲಿಲ್ಲ! ಇಂಥದ್ದನ್ನೆಲ್ಲ ತಿದ್ದಬೇಡಿ, ಹಾಗೇ ಬರೆದಿಡಿ.

ಮನೆಯವರನ್ನೂ ಕೇಳಿ. ನಾನು ಕೇಳಿದ್ದು ತಡವಾಗಿ. ಆಯಿ, ಅಂದರೆ ಅಮ್ಮ, ಹೇಳಿದಳು, 'ಗೆದ್ದ ದಿನ ದಣಪೆಯಿಂದಲೇ (ಮನೆ ಮುಂದಿನ ಗೇಟಿನಿಂದಲೇ) ಕೂಗ್ತಾ ಬರ್ತಿದ್ರು. ಸೋತ ದಿನ ಹಿತ್ತಲ ಬಾಗಿಲು.' ಒಂದೂವರೆ ಗಂಟೆ ಭಾಷಣದಲ್ಲಿ ಇದು ಇರಲಿಲ್ಲ ಅಲ್ವಾ.

ಇನ್ನು ಆಟ. ವರ್ಷಾಂತ (ತೀರಿಕೊಂಡು ವರ್ಷ ತುಂಬಿದಾಗಿನ ಶ್ರಾದ್ಧ) ಮಳೆಗಾಲದಲ್ಲಿ ಬಂದರೆ ವಿಧಿ ಆಗ ಮುಗಿಸಿ, ಆಟ ಚಳಿಗಾಲಕ್ಕಿಡಿ. ರಾತ್ರಿ ಬೇಡ, ಇಬ್ಬನಿಗೆ ಬಾಲ್ ಜಾರುತ್ತದೆ. ಮೈಕ್ ಕೂಡ 10 ಗಂಟೆಗೆ ಬಂದ್ ಮಾಡಬೇಕು, ಪೊಲೀಸ್ ಅನುಮತಿ ಬೇರೆ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿ. ಕೋರ್ಟು 18 ಮೀಟರ್ ಉದ್ದ, 9 ಮೀಟರ್ ಅಗಲ. ನೆಟ್ ಗಂಡಸರಿಗೆ 2.43 ಮೀಟರ್, ಹಳಬರ ಸೆಟ್ಟಿಗೆ ಒಂದು ಗೇಣು ಇಳಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಟ್ರೋಫಿ ದುಡ್ಡಲ್ಲಿ ಅವರು ಕಲಿತ ಶಾಲೆಗೆ ಒಂದು ನೆಟ್, ಎರಡು ಬಾಲ್ ಕೊಡಿ. ಗೆದ್ದವರಿಗೆ ಬಾಳೆಗೊನೆ ಸಾಕು.

ಲೆಕ್ಕ ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. ಈಗಿನ ಹುಡುಗರದ್ದು 25 ಪಾಯಿಂಟಿನ ಸೆಟ್, ಪ್ರತಿ ರ್‍ಯಾಲಿಗೂ ಪಾಯಿಂಟ್. ಅಪ್ಪನ ಕಾಲದವರದ್ದು 15, ಅದೂ ಸರ್ವಿಸ್ ಇದ್ದವರಿಗೆ ಮಾತ್ರ. ನಾವು ಹೇಳದೇ ಬಿಟ್ಟೆವು. ಎಪ್ಪತ್ತು ದಾಟಿದ ಒಬ್ಬರು ಚಪ್ಪಲಿ ಬಿಟ್ಟು ಕೋರ್ಟಿನೊಳಗೆ ನುಗ್ಗಿದರು.