ಎಷ್ಟು ಪವನ್ ಎಂಬ ಪ್ರಶ್ನೆಯಿಂದ ಶುರುಮಾಡಿದೆ

ಮಂಗಳೂರಿನ ನಮ್ಮ ಚರ್ಚಿನಲ್ಲಿ ಹೆಂಗಸರ ಸಭ್ಯತೆಯ ಮಾತು ಬಂದರೆ ಅದು ಸೀದಾ ತೋಳಿನ ಉದ್ದಕ್ಕೆ ಹೋಗುತ್ತದೆ. ಸ್ಲೀವ್‌ಲೆಸ್ ಹಾಕಬಹುದಾ? ಆರಾಧನೆಗೆ ಜೀನ್ಸ್ ಸರಿಯಾ? ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲೇ ಹುಟ್ಟಿ ಬೆಳೆದವಳು, ಸಂಡೇಸ್ಕೂಲಿನಲ್ಲಿ ಪಾಠ ಮಾಡುವವಳು. ದೊಡ್ಡ ಹುಡುಗಿಯರಿಗೆ ಈ ವಿಷಯ ಹೇಳುವ ಸರದಿ ನನಗೆ ಬಂತು. ಹೇಳುವ ಮೊದಲು ಬೈಬಲಿನಲ್ಲಿ ಇದರ ಬಗ್ಗೆ ಇರುವ ವಚನಗಳನ್ನು ಹಿಂದುಮುಂದಿನ ಸಾಲುಗಳ ಸಮೇತ ಓದೋಣ ಅಂತ ಕೂತೆ.

ಓದಿದರೆ ತೋಳಿನ ಸುದ್ದಿಯೇ ಇಲ್ಲ ಮಾರಾಯ್ರೆ! ಮರ್ಯಾದೆಗೆ ತಕ್ಕ ಉಡುಪು ಇರಲಿ ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2ನೇ ಅಧ್ಯಾಯದಲ್ಲಿ ಇದೆ, ನಿಜ. ಆದರೆ ಬೇಡ ಅಂತ ಹೆಸರು ಹಿಡಿದು ಹೇಳಿದ್ದು ಜಡೆಯ ಅಲಂಕಾರ, ಚಿನ್ನ, ಮುತ್ತು, ಬೆಲೆಬಾಳುವ ಬಟ್ಟೆ. ಅವುಗಳ ಬದಲಿಗೆ ಒಳ್ಳೆಯ ಕೆಲಸಗಳೇ ಅಲಂಕಾರವಾಗಲಿ ಅಂತ ಮುಂದಿನ ಸಾಲು. ಪೇತ್ರನ ಮೊದಲನೆಯ ಪತ್ರದ 3ನೇ ಅಧ್ಯಾಯದಲ್ಲೂ ಚಿನ್ನದ ಮಾತೇ. ಯಾಕೋಬನ ಪತ್ರದಲ್ಲಂತೂ ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆಯ ಜಾಗ ಕೊಟ್ಟು, ಬಡವನನ್ನು ಕಾಲ ಹತ್ತಿರ ಕೂರಿಸುವ ಸಭೆಗೆ ಚೆನ್ನಾಗಿ ಬೈಗುಳ ಉಂಟು.

ನಮ್ಮ ಊರಿನಲ್ಲಿ ಈ ಮಾತು ತಾಗುವುದು ಎಲ್ಲಿಗೆ ಅಂತ ಬೇರೆ ಹೇಳಬೇಕಾ? ಮದುವೆ ನಿಶ್ಚಯ ಆದ ಕೂಡಲೇ ಕೇಳುವ ಪ್ರಶ್ನೆ, "ಎಷ್ಟು ಪವನ್ ಹಾಕ್ತೀರಿ?" ಒಂದು ಪವನ್ ಅಂದರೆ 8 ಗ್ರಾಂ. ತೂಕ ಕೇಳುವುದು ಚಿನ್ನದ್ದು, ಅಳೆಯುವುದು ಮನೆತನವನ್ನು. ಇದು ನಮ್ಮ ಹಿರಿಯರಿಂದ ಬಂದದ್ದೂ ಅಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಇಲ್ಲಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಎಷ್ಟೋ ಜನ ಮಿಶನ್ನಿನ ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳಲ್ಲಿ ದುಡಿದು ಬದುಕಿದವರು. ಜೆಪ್ಪುವಿನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ನನ್ನ ಅಜ್ಜಿಯೂ ಹಂಚು ಹೊತ್ತವಳೇ. ಅವಳ ಹತ್ತಿರ ಇದ್ದದ್ದು ಕರಿಮಣಿ, ಒಂದು ಜೊತೆ ಬೆಂಡೋಲೆ. ಅಷ್ಟರಲ್ಲೇ ಅವಳು ಚರ್ಚಿನಲ್ಲಿ ತಲೆ ಎತ್ತಿ ಕೂರುತ್ತಿದ್ದಳು.

ಹಾಗಾಗಿ ನಾನು ಅಲ್ಲಿಂದಲೇ ಶುರುಮಾಡಿದೆ. ಮದುವೆಗೆ ಹೋಗುವಾಗ ನನ್ನದು ಮಾತ್ರ ಹಾಕುವುದು. ಅಕ್ಕನ ಸರ, ನಾದಿನಿಯ ಬಳೆ ಕೇಳಿ ತರುವುದಿಲ್ಲ. ಚಿನ್ನದ ಲೇಪ ಮಾತ್ರ ಇರುವ 'ಒಂದು ಗ್ರಾಂ ಚಿನ್ನ'ದ ಸೆಟ್ ಕೂಡ ಬೇಡ, ಅದು ಇರುವುದೇ ಇಲ್ಲದ್ದನ್ನು ಇದೆ ಅಂತ ತೋರಿಸಲಿಕ್ಕೆ. ಒಂದೇ ಸೀರೆಯನ್ನು ಒಂದೇ ಕುಟುಂಬದ ಮೂರ್ನಾಲ್ಕು ಸಮಾರಂಭಕ್ಕೂ ಉಟ್ಟದ್ದುಂಟು. ಮೇ ತಿಂಗಳ ಸೆಕೆಯಲ್ಲಿ ಕಾಂಜೀವರಂ ಬಿಟ್ಟು ಕಾಟನ್ ಉಟ್ಟರೆ ಆಗುವ ಸುಖ ಬೇರೆಯೇ, ಅದಕ್ಕೆ ಭಕ್ತಿ ಏನೂ ಬೇಡ. ಹೊಸ ಸೀರೆಗೆ ಹೋಗುತ್ತಿದ್ದ ದುಡ್ಡನ್ನು ಒಂದು ಲಕೋಟೆಯಲ್ಲಿ ಬೇರೆ ಇಡುತ್ತೇನೆ. ಜೂನ್ ತಿಂಗಳಲ್ಲಿ ಅದು ಯಾವುದೋ ಮಗುವಿನ ಶಾಲೆಯ ಫೀಸಿಗೆ ಹೋಗುತ್ತದೆ. ಯಾರ ಮಗು ಅಂತ ನನ್ನ ಗಂಡನಿಗೂ ಹೇಳುವುದಿಲ್ಲ. (ಇಲ್ಲಿ ಬರೆದು ಜಂಬ ಕೊಚ್ಚಿಕೊಂಡ ಹಾಗಾಯಿತು, ಅಲ್ವಾ? ಇರಲಿ.)

ಚಿನ್ನವನ್ನು ಪೂರ್ತಿ ಬಿಟ್ಟವರೂ ನಮ್ಮಲ್ಲಿ ಇದ್ದಾರೆ. ಪೆಂತೆಕೋಸ್ತ್ ಸಭೆಗೆ ಹೋಗುವ ನನ್ನ ಗೆಳತಿಯ ಕಿವಿಯಲ್ಲಿ ಓಲೆಯೂ ಇಲ್ಲ. ಅವಳ ಸರಳತೆ ನನಗೆ ಇಷ್ಟ. ಆದರೆ ಬೋಳು ಕುತ್ತಿಗೆಯನ್ನೂ ತೋರಿಸಿಕೊಳ್ಳಲು ಸಾಧ್ಯ ಅಂತ ಅವಳೇ ನಗುತ್ತಾ ಹೇಳುತ್ತಾಳೆ.

ಚಿನ್ನದ ಕೆಲಸ ಸುಲಭದ್ದು. ಕಷ್ಟ ಇರುವುದು ನಾಲಿಗೆಯಲ್ಲಿ. ಆರಾಧನೆ ಮುಗಿದ ಮೇಲೆ ಕಾಂಪೌಂಡಿನಲ್ಲಿ ನಿಂತು ಮಾತಾಡುವಾಗ ಅಲ್ಲಿ ಇಲ್ಲದ ಒಬ್ಬಳ ಸುದ್ದಿ ಬಂದೇ ಬರುತ್ತದೆ. ನಾನು ಬುದ್ಧಿ ಹೇಳಲು ಹೋಗುವುದಿಲ್ಲ, ಹೇಳಿದರೆ ನಾಳೆ ನನ್ನದೇ ಸುದ್ದಿ. ಎದುರಿಗೆ ಇರುವವರ ಹತ್ತಿರವೇ ಏನಾದರೂ ಕೇಳುತ್ತೇನೆ. "ಆಂಟಿ, ನಿಮ್ಮ ಮಂಡಿನೋವು ಹೇಗುಂಟು?" ಮಂಡಿನೋವಿಗೆ ಸೋಲದ ಸುದ್ದಿ ನಾನು ಇನ್ನೂ ಕಂಡಿಲ್ಲ. ಇನ್ನೊಬ್ಬರ ವಿಷಯ ಪ್ರಾರ್ಥನೆಯ ಹೆಸರಿನಲ್ಲಿ ವಾಟ್ಸಾಪ್ ಗುಂಪಿಗೆ ಬಂದರೆ, ಅಲ್ಲಿ ಬರೆಯದೆ ಅವರಿಗೇ ಫೋನ್ ಮಾಡುತ್ತೇನೆ.

ಸಾಧು ಮನಸ್ಸು, ಶಾಂತ ಮನಸ್ಸು ಅಂತ ಪೇತ್ರ ಆ 3ನೇ ಅಧ್ಯಾಯದಲ್ಲಿ ಹೇಳಿದ್ದನ್ನು ಬಾಯಿ ಮುಚ್ಚಿಕೊಂಡಿರು ಅಂತ ಓದುವವರಿದ್ದಾರೆ. ಗಂಡ ಹೊಡೆದರೂ ಸಹಿಸಿಕೋ ಎನ್ನಲು ಇದೇ ಅಧ್ಯಾಯವನ್ನು ತೆಗೆಯುತ್ತಾರೆ. ನನಗೆ ಇದು ಸುತರಾಂ ಒಪ್ಪಿಗೆ ಇಲ್ಲ. ಹೆಂಗಸರು ಯಾವ ಬೆದರಿಕೆಗೂ ಹೆದರಬಾರದು ಅಂತ 6ನೇ ವಚನದಲ್ಲೇ ಇದೆ. 7ನೇ ವಚನ ಗಂಡಂದಿರಿಗೆ: ಹೆಂಡತಿಯನ್ನು ಗೌರವದಿಂದ ನೋಡಿಕೊಳ್ಳದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿಯಾದೀತು. ಇದನ್ನು ಗಂಡಸರ ಕೂಟದಲ್ಲಿ ಓದಿದ್ದು ನಾನಂತೂ ಕೇಳಿಲ್ಲ. ಸಂಡೇಸ್ಕೂಲಿನಲ್ಲಿ ನಾನು ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೆ ಕೂರಿಸಿಯೇ ಓದಿಸಿದೆ. ದನಿ ಏರಿಸದೆ ಗಟ್ಟಿಯಾಗಿ 'ಇಲ್ಲ' ಅನ್ನಲು ಬರುವವಳು ನನ್ನ ಲೆಕ್ಕದಲ್ಲಿ ಶಾಂತಳೇ.

ಇನ್ನು ಮಗಳ ಬಟ್ಟೆ. ಅದು ಬೇಡ, ಇದು ಬೇಡ ಅನ್ನುವುದನ್ನು ಬಿಟ್ಟು ಒಂದೇ ಪ್ರಶ್ನೆ ಕೇಳುತ್ತೇನೆ. "ಇದನ್ನು ಯಾರಿಗಾಗಿ ಹಾಕ್ತಿದ್ದೀ ಮಗಾ?" ಕೆಲವು ಸಲ, "ಸೆಕೆಗೆ ಮಮ್ಮಿ" ಅನ್ನುತ್ತಾಳೆ. ಸರಿ, ಹಾಕು. ಕೆಲವು ಸಲ ಉತ್ತರ ಕೊಡದೆ ಒಳಗೆ ಹೋಗಿ ಬೇರೆ ಹಾಕಿಕೊಂಡು ಬರುತ್ತಾಳೆ. ಒಮ್ಮೆ ನನ್ನ ರೇಷ್ಮೆ ಸೀರೆ ನೋಡಿ ಅದೇ ಪ್ರಶ್ನೆಯನ್ನು ನನಗೇ ಕೇಳಿದಳು!

ಈಗ ಅವಳಿಗೆ ಸಂಬಂಧ ನೋಡುತ್ತಿದ್ದೇವೆ. ಹುಡುಗನ ಕಡೆಯವರು ಪವನ್ ಲೆಕ್ಕ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸುವುದು ಅಂತ ನಾನೂ ಗಂಡನೂ ಮಗಳೂ ನಿರ್ಧಾರ ಮಾಡಿದ್ದೇವೆ. ಅತ್ತೆಯವರು ಇನ್ನೂ ಒಪ್ಪಿಲ್ಲ.