ನನ್ನ ಕರ್ನಲ್‌ಗೆ ಅಲೊಕೇಟರ್ ಹುಡುಕಿದ್ದು

ಜಯನಗರದ ಮನೆಯಲ್ಲಿ ರಾತ್ರಿ ಊಟ ಆದಮೇಲೆ ಕೂತು ಒಂದು ಪುಟ್ಟ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಬರೆಯುತ್ತೇನೆ. ಕ್ಯೂಎಮು ಅನ್ನೋ ನಕಲಿ ಕಂಪ್ಯೂಟರ್ ಒಳಗೆ ಒಂದು ಕೋರ್, 64 ಎಂಬಿ ಮೆಮೊರಿ. ಸುಮ್ನೆ ಹವ್ಯಾಸ.

ಅಲೊಕೇಟರ್ ಅಂದರೆ ಕೇಳಿದವರಿಗೆ ಮೆಮೊರಿ ಹಂಚುವ ಕೋಡ್. ಮೊದಲು ಇದ್ದದ್ದು ಬಂಪ್ ಅಲೊಕೇಟರ್. ಎಲ್ಲಿಯವರೆಗೆ ಕೊಟ್ಟಾಗಿದೆ ಅಂತ ತೋರಿಸುವ ಪಾಯಿಂಟರನ್ನು ಕೇಳಿದಷ್ಟು ಮುಂದಕ್ಕೆ ತಳ್ಳುವುದು, ಅಷ್ಟೇ. ವಾಪಸ್ ತೆಗೆದುಕೊಳ್ಳುವ ಮಾತೇ ಇಲ್ಲ. ಬೂಟ್ ಹೊತ್ತಿಗೆ ಈಗಲೂ ಅದೇ ಇದೆ. ಆಮೇಲೆ ವಾಪಸ್ ಬಂದ ತುಂಡುಗಳ ಪಟ್ಟಿ ಇಟ್ಟು ಮತ್ತೆ ಹಂಚುವ ಫ್ರೀ ಲಿಸ್ಟ್ ಬರೆದೆ. ಪ್ರೋಸೆಸ್‌ಗಳನ್ನು (ಓಡುತ್ತಿರುವ ಪ್ರೋಗ್ರಾಂಗಳನ್ನು) ಹುಟ್ಟಿಸಿ ಸಾಯಿಸುವ ಟೆಸ್ಟ್ ಓಡಲು ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಪ್ಯಾನಿಕ್, ಕರ್ನಲ್ ಕೈಚೆಲ್ಲಿ ನಿಂತಿದೆ! ಎಂಬಿಗಟ್ಟಲೆ ಖಾಲಿ ಇದೆ, ಆದರೆ ಒಂದು 16 ಕೆಬಿ ಸ್ಟ್ಯಾಕ್‌ಗೆ (ಪ್ರೋಸೆಸ್ ತನ್ನ ತಾತ್ಕಾಲಿಕ ಲೆಕ್ಕ ಇಡುವ ಜಾಗ) ಒಟ್ಟಿಗೆ ಜಾಗ ಇಲ್ಲ. ಎಲ್ಲ ಚೂರು ಚೂರು.

ಆಗ ಬುದ್ಧಿ ಬಂತು. ಹೊಸ ಅಲೊಕೇಟರ್ ಹುಡುಕುವ ಮೊದಲು, ನನ್ನ ಕರ್ನಲ್ ಏನು ಕೇಳುತ್ತಿದೆ ಅಂತ ಎಣಿಸಿದೆ. ಹೆಚ್ಚುಕಡಿಮೆ ಎಲ್ಲವೂ ನಾಲ್ಕೈದು ಅಳತೆಯವೇ. ಉಳಿದವು ಇಡೀ ಪೇಜ್‌ಗಳು, ಅಂದರೆ 4096 ಬೈಟಿನ ತುಂಡುಗಳು.

ಪೇಜ್‌ಗಳಿಗೆ ಬಡ್ಡಿ ಅಲೊಕೇಟರ್ ಹಾಕಿದೆ. ಸಾಲದ ಬಡ್ಡಿ ಅಲ್ಲ, ಜೋಡಿ ಅನ್ನೋ ಅರ್ಥದ ಇಂಗ್ಲಿಷ್ ಪದ. 40×60 ಸೈಟನ್ನು ಎರಡು 30×40 ಮಾಡುತ್ತೇವಲ್ಲ, ಹಾಗೆ ಅರ್ಧ ಅರ್ಧ ಒಡೆಯುತ್ತಾ ಹೋಗುತ್ತದೆ. ಮತ್ತೆ ಸೇರಿಸಬೇಕಾದರೆ ಎರಡೂ ಖಾಲಿ ಇರಬೇಕು, ಒಂದೇ ಸೈಟಿನಿಂದ ಒಡೆದವೇ ಆಗಿರಬೇಕು. ಪಕ್ಕದಲ್ಲಿದ್ದರೆ ಸಾಲದು. ಹೀಗೆ ಒಡೆದಾಗ ಸಿಗುವುದು 16, 32, 64 ಇಂಥ ಅಳತೆಗಳೇ, ಅದಕ್ಕೆ 33 ಪೇಜ್ ಕೇಳಿದರೆ 64 ಎತ್ತಿಡುತ್ತದೆ. ಅಲ್ಲಿ ಮಾತ್ರ ಹೆಸರಿಗೆ ತಕ್ಕ ಬಡ್ಡಿ!

ಚಿಕ್ಕ ಅಳತೆಗಳಿಗೆ ಸ್ಲ್ಯಾಬ್. ಎಂಜಿನಿಯರ್ ಜೆಫ್ ಬಾನ್‌ವಿಕ್ 1994ರಲ್ಲಿ ಸೋಲಾರಿಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ಗೆ ಮಾಡಿದ ಉಪಾಯ ಇದು. ಒಂದು ಪೇಜ್ ತೆಗೆದುಕೊಂಡು ಒಂದೇ ಅಳತೆಯ ಖಾನೆ ಮಾಡಿಡುವುದು. ನನ್ನ ಪ್ರೋಸೆಸ್ ಸ್ಟ್ರಕ್ಟ್ (ಒಂದು ಪ್ರೋಸೆಸ್‌ನ ವಿವರ ಇಡುವ ದಾಖಲೆ) 208 ಬೈಟ್. ಅದನ್ನು 256ಕ್ಕೆ ಏರಿಸಿದರೆ 4096 ಬೈಟಿನ ಪೇಜಿಗೆ 16 ಹಿಡಿಯುತ್ತವೆ. ಅದರ ಅಳತೆಗೇ ಸ್ಲ್ಯಾಬ್ ಮಾಡಿದರೆ 19, ಸ್ಲ್ಯಾಬ್‌ನ ಲೆಕ್ಕ ಬರೆಯುವ ಹೆಡರ್‌ಗೂ ಜಾಗ ಮಿಕ್ಕುತ್ತದೆ. ಪ್ರತಿ ಸಿಪಿಯುಗೂ ಬೇರೆ ಬೇರೆ ಕ್ಯಾಶೆ (ಕೈಗೆ ತಕ್ಷಣ ಸಿಗುವ ಖಾಲಿ ಖಾನೆಗಳ ದಾಸ್ತಾನು) ಇಡುವ ಗೋಜಿಗೆ ಹೋಗಲಿಲ್ಲ. ಇರೋದೇ ಒಂದು ಕೋರ್, ಅಲ್ವಾ? ಅಂದಹಾಗೆ, ಲಿನಕ್ಸ್ 2024ರಲ್ಲಿ, 6.8ನೇ ಆವೃತ್ತಿಯ ಹೊತ್ತಿಗೆ, ಹಳೇ ಸ್ಲ್ಯಾಬ್ ಕೋಡ್ ಕಿತ್ತುಹಾಕಿ, ಅದೇ ಉಪಾಯದ ಇನ್ನೊಂದು ರೂಪವಾದ ಸ್ಲಬ್ ಒಂದನ್ನೇ ಉಳಿಸಿಕೊಂಡಿತು.

ಜಾಸ್ತಿ ಕಾಡಿದ್ದು ಇದ್ಯಾವುದೂ ಅಲ್ಲ. ಜೋರಾಗಿ ಟೈಪ್ ಮಾಡಿದರೆ ಒಮ್ಮೊಮ್ಮೆ ಎಲ್ಲ ನಿಂತುಬಿಡುತ್ತಿತ್ತು. ಎರಡು ವಾರ ಹುಡುಕಿದೆ. ಒಂದು ಸಲಕ್ಕೆ ಒಬ್ಬರೇ ಒಳಗಿರಲಿ ಅಂತ ಅಲೊಕೇಟರ್ ಲಾಕ್ ಹಿಡಿದಿರುವಾಗಲೇ ಕೀಬೋರ್ಡ್ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸುವ ಕರೆ) ಬಂದು, ಅದನ್ನು ನೋಡಿಕೊಳ್ಳುವ ಹ್ಯಾಂಡ್ಲರ್ ಕೂಡ ಮೆಮೊರಿ ಕೇಳುತ್ತಿತ್ತು. ತಾನು ಹಿಡಿದ ಲಾಕ್‌ಗೆ ತಾನೇ ಕಾಯುವುದು! ಈಗ ಲಾಕ್ ಹಿಡಿಯುವ ಮೊದಲು ಇಂಟರಪ್ಟ್ ಆಫ್ ಮಾಡುತ್ತೇನೆ. ಕೀಬೋರ್ಡ್‌ಗೆ ಬೂಟ್‌ನಲ್ಲೇ ಒಂದು ಪೇಜ್ ಎತ್ತಿಟ್ಟಿದ್ದೇನೆ, ಅದು ತುಂಬಿದರೆ ಒತ್ತಿದ ಕೀ ಬಿದ್ದುಹೋಗುತ್ತದೆ.