ಹಳ್ಳದ ಕರೆಂಟು, ಬಚ್ಚಲ ಹಂಡೆ

ಮನೆ ಹಿಂದಿನ ಹಳ್ಳದ ನೀರಿನಿಂದ ಕರೆಂಟು ಮಾಡುತ್ತೇನೆ ಎಂದಾಗ "ಮಾರಾಯ, ಆ ನೀರಲ್ಲಿ ಟಾರ್ಚೂ ಹತ್ತಲ್ಲ" ಎಂದಿದ್ದರು ಭಾವ. ಮೊದಲ ಮಳೆಗಾಲ ಅವರ ಮಾತೇ ನಿಜವಾಯಿತು.

ನಮ್ಮದು ಮಲೆನಾಡಿನ ಒಂಟಿ ಮನೆ. ಮಳೆ ಹಿಡಿದರೆ ಕರೆಂಟು ವಾರಗಟ್ಟಲೆ ನಾಪತ್ತೆ. ಹಿಂದಿನ ಗುಡ್ಡದ ಹಳ್ಳಕ್ಕೆ 30 ಮೀಟರ್ ಎತ್ತರ ಸಿಗುತ್ತಿತ್ತು, 20 ಲೀಟರ್ ಬಕೆಟ್ 4 ಸೆಕೆಂಡಿಗೆ ತುಂಬುತ್ತಿತ್ತು. ಬೀಳುವ ಎತ್ತರ, ನೀರು ಎರಡೂ ಹೆಚ್ಚಿದಷ್ಟು ಕರೆಂಟು ಹೆಚ್ಚು. ಆ ಲೆಕ್ಕದಲ್ಲಿ 600 ವ್ಯಾಟಿಗೆ ಮೋಸವಿಲ್ಲ.

ಕೈ ಸುಟ್ಟುಕೊಂಡದ್ದು ಪೈಪಿನಲ್ಲಿ. ದುಡ್ಡು ಉಳಿಸಲು ಹೋಗಿ ಎರಡಿಂಚಿನದು 150 ಮೀಟರ್ ಎಳೆದೆ. ವಾಲ್ವ್ ಮುಚ್ಚಿದ್ದಾಗ ಒತ್ತಡ ಅಳೆಯುವ ಗೇಜಿನ ಮುಳ್ಳು 3 ಕೆಜಿ ತೋರಿಸಿತು, ಅಂದರೆ 30 ಮೀಟರ್ ಎತ್ತರದ ಪೂರ್ತಿ ಒತ್ತಡ. ನೀರು ಪೂರ್ತಿ ಬಿಟ್ಟೆ, ಒಂದೂಕಾಲಿಗೆ ಕುಸಿಯಿತು. ಅರ್ಧಕ್ಕಿಂತ ಜಾಸ್ತಿ ಒತ್ತಡವನ್ನು ಸಣ್ಣ ಪೈಪೇ ನುಂಗುತ್ತಿತ್ತು. ಸುಮಾರು 11 ಸಾವಿರ, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ! ಮರುವರ್ಷ ಮೂರಿಂಚು ಹಾಕಿದೆ. ಮುಳ್ಳು ಎರಡೂಮುಕ್ಕಾಲಿನಿಂದ ಕೆಳಗಿಳಿಯಲಿಲ್ಲ.

ನಡುವೆ ಹಳೇ ಕಾರಿನ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಪುಟ್ಟ ಜನರೇಟರ್) ಕೂರಿಸಿಯೂ ನೋಡಿದೆ. 12 ವೋಲ್ಟನ್ನು ಅಷ್ಟು ದೂರ ವೈರಿನಲ್ಲಿ ತರಲು ಹೋದರೆ ಮನೆಯಲ್ಲಿ ಮಿಣುಕುಹುಳದ ಬೆಳಕು. ಮಕ್ಕಳಿಗೆ ಮಾತ್ರ ಖುಷಿ.

ಕೊನೆಗೆ ನೀರಿನ ಚಿಮ್ಮುವಿಕೆಗೆ ತಿರುಗುವ, ಬಟ್ಟಲುಗಳ ಪೆಲ್ಟನ್ ಚಕ್ರ, 230 ವೋಲ್ಟಿನ ಜನರೇಟರ್. ಬಳಕೆ ತಗ್ಗಿದಾಗ ಉಳಿದ ಕರೆಂಟನ್ನು ಬೇರೆಡೆ ತಿರುಗಿಸಿ ಚಕ್ರವನ್ನು ಹದದಲ್ಲಿಡುವ ಕಂಟ್ರೋಲರ್ ಆಮೇಲೆ ನೋಡೋಣ ಎಂದುಕೊಂಡಿದ್ದೆ. ಒಂದು ಸಂಜೆ ಹೆಂಡತಿ ಮಿಕ್ಸಿ ನಿಲ್ಲಿಸಿದಳು ಅಷ್ಟೇ, ಚಕ್ರ ಕುಂಯ್ ಎಂದು ಏರಿತು, ಏಳೆಂಟು ಬಲ್ಬು ಒಟ್ಟಿಗೇ ಢಮಾರ್. ಜೊತೆಗೆ ಟೀವಿ ಬಾಕ್ಸೂ ಹೋಯಿತು. ಮರುದಿನವೇ ಕಂಟ್ರೋಲರ್ ತರಲು ಹೊರಟೆ. ಈಗ ಉಳಿದ ಕರೆಂಟೆಲ್ಲ ಬಚ್ಚಲ ಹಂಡೆಯೊಳಗಿನ ಹೀಟರಿಗೆ ಹೋಗುತ್ತದೆ. ಜೂನ್‌ನಿಂದ ಹಂಡೆಗೆ ಸೌದೆ ಇಟ್ಟಿಲ್ಲ. ಬಲ್ಬಿಗಿಂತ ಇದೇ ದೊಡ್ಡ ಲಾಭ ಅನ್ನುವುದು ಅಮ್ಮನ ತೀರ್ಪು.

ಎಲ್ಲ ಸೇರಿ ಲಕ್ಷದ ಹತ್ತಿರ ಆಗಿರಬೇಕು, ವ್ಯರ್ಥವಾದ ಪೈಪೂ ಸೇರಿ. ಅದೀಗ ತೋಟದಲ್ಲಿ ಸ್ಪ್ರಿಂಕ್ಲರಿಗೆ ಇದೆ.

ಹಳ್ಳದಲ್ಲಿ ಪೈಪಿನ ಬಾಯಿಗೆ ಹಾಕಿದ ಜಾಲರಿಗೆ ದರಗೆಲೆ ಕಟ್ಟಿಕೊಳ್ಳುವ ಕಾಟ ಹೀಗೆ ಕರೆಂಟು ಮಾಡುವ ಎಲ್ಲರಿಗೂ ಇದ್ದದ್ದೇ. ಮೊದಲು ದಿನಕ್ಕೆ ಎರಡು ಸಲ ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದೆ. ಈಗ ಜಾಲರಿ ಓರೆಯಾಗಿದೆ, ನೀರು ಒಳಗಿಳಿಯುತ್ತದೆ, ಎಲೆ ತಾನೇ ಜಾರಿ ಹಳ್ಳ ಸೇರುತ್ತದೆ. ಎಷ್ಟು ಓರೆ, ಯಾವ ಜಾಲರಿ ಅನ್ನುವುದನ್ನು ಸುಮ್ನೆ ಹೇಳಲ್ಲ. ಎರಡು ವರ್ಷ ನೆನೆದು ಕಲಿತದ್ದು, ಅಲ್ವಾ?

ಸಂಕ್ರಾಂತಿ ಹೊತ್ತಿಗೆ ಹಳ್ಳ ಸೊರಗುತ್ತದೆ. ಆಗ ಚಕ್ರಕ್ಕೆ ನೀರು ಚಿಮ್ಮಿಸುವ 16 ಎಂಎಂ ನಾಸಲ್ ಬಿಚ್ಚಿ 10ರದ್ದು ಹಾಕುತ್ತೇನೆ. 200 ವ್ಯಾಟಿನ ಮೇಲೆ ಬರುತ್ತದೆ, ದೀಪಕ್ಕೆ ಸಾಕು. ಹಂಡೆಗೆ ಮತ್ತೆ ಸೌದೆ.